ಮುಳ್ಳು ಹಚ್ಚಿದ ಬಾಗಿಲು

ತೆಲಸಂಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಆ ದೆವ್ವದ ಮನಿ ಎಲ್ಲಿ ಬರ್ತೈತ್ರಿ" ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಅಥಣಿಯಿಂದ ಬರುತ್ತಾರೆ, ಮಿರಜದಿಂದ ಬರುತ್ತಾರೆ. ಕೈಯಲ್ಲೊಂದು ಫೋನು, ಫೋನಿಗೊಂದು ಕೋಲು. ನಾನು ಹೊಲಿಗೆ ಯಂತ್ರದಿಂದ ತಲೆ ಎತ್ತುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಮೋಟಾರು ಸುತ್ತುವ ಮಾಳೇಶ ಮಾತ್ರ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ಹೋಗುತ್ತಾನೆ. "ಅಲ್ಲಿ ಏನೂ ಇಲ್ರಿ. ಅದು ಬೋರಿನ ವಾಯರ್. ನಾನ ಹಾಕಿದ್ದು," ಎನ್ನುತ್ತಾನೆ. ಬಂದವರು ಇವನ ಮುಖ ನೋಡುತ್ತಾರೆ, ಫೋನಿನಲ್ಲಿರುವ ಮುಖ ನೋಡುತ್ತಾರೆ. "ಇದರಾಗ ಇರಾವ್ರು ನೀವ ಅಲ್ಲೇನ್ರಿ?" ಎಂದು ಇವನ ಜೊತೆಗೇ ಒಂದು ಫೋಟೊ ತೆಗೆಸಿಕೊಂಡು ಆ ಮನೆಯ ದಾರಿ ಹಿಡಿಯುತ್ತಾರೆ. ನಿಜ ಕೇಳಲಿಕ್ಕೆಂದು ಬಸ್ ಹತ್ತಿ ಬಂದವರಲ್ಲವಲ್ಲ ಅವರು.

ಮಾಳೇಶನ ಅಪ್ಪ ಕುರಿ ಕಾಯ್ದವನು. ಮಗ ಕುರಿಯ ಹಿಂದೆ ಹೋಗಲಿಲ್ಲ. ಅಥಣಿಯಲ್ಲಿ ಐಟಿಐ ಸೇರಿ ಅರ್ಧಕ್ಕೇ ಬಿಟ್ಟು, ಕುಡಚಿಯ ಉಸ್ತಾದರೊಬ್ಬರ ಕೈಕೆಳಗೆ ಮೋಟಾರು ರಿವೈಂಡಿಂಗ್ ಕಲಿತು ಬಂದ. ಕೆಲಸಕ್ಕೆ ಹೆಸರಿಡುವಂತಿಲ್ಲ. ಆದರೆ ಈ ಧಂದೆಗೆ ನಗುತ್ತ ಯಾರೂ ಬರುವುದಿಲ್ಲ. ಬೆಳೆ ಬಾಡುವ ಹೊತ್ತಿನಲ್ಲಿ ಸುಟ್ಟ ಮೋಟಾರು ಹೊತ್ತು ತಂದವನು ಅದರ ಜೊತೆ ಸಿಟ್ಟನ್ನೂ ಹೊತ್ತು ತಂದಿರುತ್ತಾನೆ. "ಯಾವಾಗ ಕೊಡ್ತಿ" ಎನ್ನುವುದು ಬಿಟ್ಟರೆ ಮಾತಿಲ್ಲ. ಇವನ ಹೆಸರು ಕರೆದು ಮಾತಾಡಿಸಿದವರನ್ನು ನಾನು ಕಂಡದ್ದೇ ಕಡಿಮೆ. ಎಲ್ಲರ ಬಾಯಲ್ಲೂ ಇವನು "ಮೋಟರದಂವ".

ಹೆಸರು ಹಿಡಿದು ಕರೆದವರೆಂದರೆ ಊರಂಚಿನ ಮನೆಯ ಕಾಮಣ್ಣ, ಅವನ ಹೆಂಡತಿ ಸಾವಿತ್ರೆವ್ವ. ಅಂಗಡಿ ತೆಗೆದ ಹೊಸದರಲ್ಲಿ ಇವನಿಗೆ ಮೊದಲ ದೊಡ್ಡ ಕೆಲಸ ಕೊಟ್ಟವನೇ ಕಾಮಣ್ಣ. ಹಿತ್ತಲಲ್ಲಿ ಬೋರು ಹೊಡೆಸಿದ್ದ. ನೀರು ಪೈಪಿನಲ್ಲಿ ಹೊಲಕ್ಕೆ ಹೋಗಬೇಕಿತ್ತು. ಹೊರಗೆ ವಾಯರ್ ಬಿಟ್ಟರೆ ಆಡು ಕಡಿಯುತ್ತವೆಂದು ಮಾಳೇಶ ಅದನ್ನು ನಡುಮನೆಯ ಗೋಡೆಯೊಳಗೇ ಹಾಯಿಸಿ, ಪಡಸಾಲೆಯಲ್ಲಿ ಸ್ಟಾರ್ಟರ್ ಕೂರಿಸಿದ. ಕರೆಂಟು ಬಂದ ಕೂಡಲೇ ತಾನಾಗಿ ಶುರುವಾಗುವಂಥ ಸ್ಟಾರ್ಟರ್. ಆ ಕೆಲಸ ಮುಗಿಯುವವರೆಗೆ ಊಟ ಸಾವಿತ್ರೆವ್ವನ ಕೈಯದೇ. ಅಲ್ಲಿಂದ ಅವರು ಇವನಿಗೆ ಕಾಕಾ, ಕಾಕಿ ಆದರು.

ಹೋದ ವರ್ಷ ಕಾಮಣ್ಣ ತೀರಿಕೊಂಡ. ಎದೆ ಹಿಡಿದಿದೆ ಎಂದಾಗ ಜೀಪು ತಂದು ಮಿರಜದ ಆಸ್ಪತ್ರೆಗೆ ಒಯ್ದರು. ಸಾವಿತ್ರೆವ್ವ ಅವನ ಟವೆಲ್ ಹುಡುಕಲು ಒಳಗೆ ಹೋಗಿದ್ದಳು; ಹೊರಗೆ ಬರುವಷ್ಟರಲ್ಲಿ ಜೀಪು ತಿರುವು ದಾಟಿತ್ತು. ಅವನು ಜೀವಂತ ತಿರುಗಿ ಬರಲಿಲ್ಲ. ಮಾತಾಡಿಸಲು ಹೋದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ: "ಹೋಗಿ ಬರ್ರಿ ಅನ್ನಾಕೂ ಆಗ್ಲಿಲ್ಲ ನನಗ."

ಅದರ ಮೇಲೆ ಪ್ರಾಣ ಹೋದ ನಕ್ಷತ್ರ ಸರಿಯಿಲ್ಲವೆಂದು ಸ್ವಾಮಿಗಳು ಹೇಳಿದರು. ನಮ್ಮ ಕಡೆ ಹಾಗಾದರೆ ಮನೆ ಬಿಡಬೇಕು. ಇಂತಿಷ್ಟು ತಿಂಗಳು ಯಾರೂ ವಾಸ ಮಾಡುವಂತಿಲ್ಲ. ಮುಂಬಾಗಿಲಿಗೆ ಬೀಗ, ಬೀಗದ ಮೇಲೆ ಜಾಲಿಮುಳ್ಳು. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ, ಮುಳ್ಳು ತೆಗೆದು ಒಳಗೆ ಹೋಗುವುದು. ಸಾವಿತ್ರೆವ್ವ ಹೊಲದಲ್ಲಿದ್ದ ಮೈದುನನ ವಸ್ತಿಮನೆಗೆ ಹೋದಳು. ಬೋರಿನ ನೀರು ಮಾತ್ರ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಕರೆಂಟು ತೆಗೆಯಲಿಲ್ಲ, ಹಿತ್ತಲ ಬಾಗಿಲಿನ ಕೀಲಿಕೈ ಮಾಳೇಶನ ಹತ್ತಿರವೇ ಉಳಿಯಿತು. ಮುಳ್ಳು ಹಚ್ಚಿದ ಮನೆ ಎಂದರೆ ಇಷ್ಟೇ. ಭಯ ಪಡುವಂಥದ್ದು ಅದರಲ್ಲಿ ಏನೂ ಇಲ್ಲ. ನಮ್ಮೂರಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು.

ಇಷ್ಟರಲ್ಲಿ ಫೋನಿನಲ್ಲಿ ಬರುವ ಒಂದು ಚಾನೆಲ್ಲಿನವರು "ಕತ್ತಲ ತಾಲೀಮು" ಎಂಬ ಸ್ಪರ್ಧೆ ಹೂಡಿದರು. ದೆವ್ವ ಭೂತ ಇದೆಯೋ ಇಲ್ಲವೋ ಎಂದು ಪತ್ತೆ ಹಚ್ಚುವವರನ್ನು ತಯಾರು ಮಾಡುವ ಸ್ಪರ್ಧೆಯಂತೆ. ಕುಸ್ತಿಗೆ ತಾಲೀಮು ಕೇಳಿದ್ದೆ, ಇದಕ್ಕೂ ಇದೆ ಎಂದು ಗೊತ್ತಿರಲಿಲ್ಲ. ಮಾಳೇಶ ಅಂಗಡಿಯಲ್ಲಿ ಕೂತು ಮೀಟರ್ ಹಿಡಿದು ಮಾತಾಡಿದ ವಿಡಿಯೊ ಕಳಿಸಿದ. ಕರೆದರು. ಊರಿಗೆ ಊರೇ ಹುಚ್ಚಾಯಿತು. ಬಸ್ ಸ್ಟ್ಯಾಂಡಿನಲ್ಲಿ ಇವನ ಫ್ಲೆಕ್ಸ್ ಬಿತ್ತು. ಮೋಟಾರು ಒಯ್ಯಲು ಬಂದವರು "ಮಾಳೇಶಪ್ಪಾ, ಚಹಾ ಆತೇನು" ಎಂದು ಕೇಳತೊಡಗಿದರು. ಅವನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಮುಂದೆ ಅವನು ಮಾಡಿದ್ದನ್ನು ನೆನೆದರೆ ಸಿಟ್ಟಿಗಿಂತ ಹೆಚ್ಚು ಸಂಕಟವಾಗುತ್ತದೆ.

ತರಬೇತಿ ನಿಪ್ಪಾಣಿಯ ಒಂದು ಹಳೆಯ ತಂಬಾಕಿನ ಗೋದಾಮಿನಲ್ಲಿ. ಗೋಡೆಗೆಲ್ಲ ಘಾಟು ಹತ್ತಿ, ದೆವ್ವದ ದನಿ ಹಿಡಿಯಲು ಇಟ್ಟ ರೆಕಾರ್ಡರಿನ ತುಂಬ ಇವರ ಸೀನುಗಳೇ ಇದ್ದವಂತೆ. ಕಲಿಸುವವರು ತುಕಾರಾಮ ಸರ್, ಅದೇ ಊರವರು, ಮಾತಿನ ನಡುವೆ ಮರಾಠಿ ಬೆರೆಸುವವರು, ಹಿಂದೆ ಟ್ಯೂಷನ್ ಕ್ಲಾಸಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಅವರ ಮೊದಲ ಪಾಠವನ್ನು ಮಾಳೇಶ ನನಗೆ ಎಷ್ಟೋ ಸಲ ಒಪ್ಪಿಸಿದ್ದಾನೆ: "ಸತ್ತವ್ರನ್ನ ಕೇಳೂಕಿಂತ ಮೊದಲ ಬದುಕಿದಾವ್ರನ್ನ ಕೇಳ್ರಿ. ವಾಯರಿಂಗ ನೋಡ್ರಿ, ಪೈಪ್ ನೋಡ್ರಿ, ಇಲಿ ನೋಡ್ರಿ. ಎಲ್ಲಾ ಮುಗದಮ್ಯಾಲ ದೆವ್ವಾಚೀ ಪಾಳಿ." ಕರೆಂಟಿನ ಸುಳಿವು ಸಿಕ್ಕರೆ ಹಸಿರಿನಿಂದ ಕೆಂಪಿಗೆ ಹೋಗುವ ದೀಪದ ಸಣ್ಣ ಡಬ್ಬಿಯೊಂದನ್ನು ಎಲ್ಲರಿಗೂ ಕೊಟ್ಟಿದ್ದರು. ಅದನ್ನು ಓದುವುದರಲ್ಲಿ ಮಾಳೇಶನೇ ಮುಂದು. ಎರಡು ಕಡೆ ದೆವ್ವವಲ್ಲ, ಕೆಟ್ಟ ವಾಯರಿಂಗು ಎಂದು ತೋರಿಸಿಕೊಟ್ಟು ಸರ್ ಕೈಯಿಂದ ಶಹಬ್ಬಾಸ್ ಗಿಟ್ಟಿಸಿದ.

ಆಮೇಲೆ ಬಂತು "ನಿಮ್ಮೂರ ಕೇಸು" ಸುತ್ತು. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಜಾಗ ತೋರಿಸಬೇಕು. ಚಿಕ್ಕೋಡಿಯ ಪ್ರಾಜಕ್ತಾ ಎಂಬ ಸ್ಪರ್ಧಿ ಒಂದು ಪಾಳು ಬಾವಿ ತೋರಿಸಿ ಎಲ್ಲರನ್ನೂ ನಡುಗಿಸಿದ್ದಳು. ನಮ್ಮೂರಲ್ಲಿ ಅಂಥದ್ದು ಏನೂ ಇಲ್ಲ. ಬರಿಗೈಲಿ ಹೋದರೆ ಇವನು ಮನೆಗೆ. ಆಗ ಇವನಿಗೆ ಮುಳ್ಳು ಹಚ್ಚಿದ ಬಾಗಿಲು ನೆನಪಾಯಿತು.

ಸಾವಿತ್ರೆವ್ವನನ್ನು ಕೇಳಿದ, ಕೇಳಲಿಲ್ಲ ಎನ್ನುವಂತಿಲ್ಲ. ಏನೆಂದು ಕೇಳಿದ ಎನ್ನುವುದು ಬೇರೆ ಮಾತು. "ಕಾಕಿ, ಟಿವಿಯವ್ರು ಹಳೀ ಮನಿ ಶೂಟಿಂಗ ಮಾಡ್ತಾರಂತ," ಎಂದ. "ಮಾಡ್ಲಿ ಬಿಡಪಾ, ನೀ ಇರ್ತಿಯಲ್ಲ. ಮುಂಬಾಗಿಲ ಮುಳ್ಳ ಅಷ್ಟ ಮುಟ್ಟಬ್ಯಾಡ್ರಿ," ಎಂದಳು ಆಕೆ.

ಕತ್ತಲ ತಾಲೀಮಿನ ಶೂಟಿಂಗು ನಡೆದದ್ದು ಮಟಮಟ ಮಧ್ಯಾಹ್ನ. ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದರು; ಆ ಬಟ್ಟೆಗೆ ಅಂಚು ಹೊಲಿದುಕೊಟ್ಟವನು ನಾನೇ, ಹಾಗಾಗಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಲು ಬಿಟ್ಟರು. ಮಾಳೇಶ ನಡುಮನೆಯಲ್ಲಿ ಡಬ್ಬಿ ಹಿಡಿದು ನಿಂತ. ಹಸಿರು ದೀಪ ಅಲುಗಲಿಲ್ಲ. ಬಹಳ ಹೊತ್ತಾಯಿತು. ಕ್ಯಾಮೆರಾದವರು ಆಕಳಿಸತೊಡಗಿದರು. ಕೊನೆಗೆ ಇವನು ದನಿ ತಗ್ಗಿಸಿ, "ಕಾಮಣ್ಣ ಕಾಕಾ, ಇಲ್ಲೇ ಅದೀರೇನು?" ಎಂದು ಕೇಳಿದ. ಹೊಲದ ಲೈನಿಗೆ ದಿನಾ ಕರೆಂಟು ಬಿಡುವ ಹೊತ್ತು ಅದು. ಪಡಸಾಲೆಯಲ್ಲಿ ಸ್ಟಾರ್ಟರ್ ಕಟಕ್ ಎಂದಿತು. ಬೋರಿನ ಮೋಟಾರು ನೆಲದಾಳದಲ್ಲಿ ಸದ್ದಿಲ್ಲದೆ ತಿರುಗಿತು. ಗೋಡೆಯ ಹತ್ತಿರ ದೀಪ ಕೆಂಪಾಯಿತು.

ಆಕಳಿಸುತ್ತಿದ್ದ ಕ್ಯಾಮೆರಾದವರು ಡಬ್ಬಿಯತ್ತ ನುಗ್ಗಿದರು. ತುಕಾರಾಮ ಸರ್ ಒಬ್ಬರೇ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಮಾಳೇಶ, ಈ ಗೋಡಿ ವಾಯರಿಂಗ ನೋಡಿದಿಯೇನಪಾ?"

"ನೋಡೀನ್ರಿ ಸರ್. ಇದರಾಗ ಏನೂ ಇಲ್ರಿ."

ಸರ್ ನಂಬಿದರು. ಮೋಟಾರು ಸುತ್ತುವವನೇ ಇಲ್ಲವೆಂದ ಮೇಲೆ ಇನ್ನು ಯಾರನ್ನು ಕೇಳುತ್ತಾರೆ? ಆ ಗೋಡೆಯೊಳಗೆ ಏನಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಅಲ್ಲಿದ್ದವರಲ್ಲಿ ಗೊತ್ತಿದ್ದವನು ಒಬ್ಬನೇ, ಅವನು ಇಲ್ಲವೆಂದ.

ಅಷ್ಟು ಮಾಡಿಯೂ ಮುಂದಿನ ಸುತ್ತಿನಲ್ಲೇ ಸೋತು ಬಂದ. ನೆನಪಿಗೆಂದು ಆ ಡಬ್ಬಿಯನ್ನು ಕೊಟ್ಟು ಕಳಿಸಿದರು. ಗೆದ್ದವರು ಯಾರೆಂದು ಜನ ಮರೆತರು, ಆದರೆ "ತೆಲಸಂಗದ ಮುಳ್ಳಿನ ಮನೆ" ಎಂಬ ಆ ತುಣುಕು ಫೋನಿನಿಂದ ಫೋನಿಗೆ ಹೋಗುತ್ತಲೇ ಇತ್ತು. ಸಾವಿತ್ರೆವ್ವನ ಮಗಳು, ರಾಯಬಾಗದಲ್ಲಿ ಗಂಡನ ಮನೆಯಲ್ಲಿದ್ದ ಕೋಮಲಳಿಗೂ ಮುಟ್ಟಿತು. ಅವಳು ಅಳುತ್ತ ಬಂದು ಅವ್ವನಿಗೆ ತೋರಿಸಿದಳು. ಊರವರು ಸಾವಿತ್ರೆವ್ವ ಹೆದರುತ್ತಾಳೆ, ಇನ್ನು ಆ ಮನೆಗೆ ಕಾಲಿಡುವುದಿಲ್ಲ ಎಂದುಕೊಂಡರು. ಆಕೆ ಹೆದರಲಿಲ್ಲ. ಮತ್ತೆ ಹಚ್ಚು, ಮತ್ತೆ ಹಚ್ಚು ಎಂದು ಮಗಳಿಂದ ಅದನ್ನೇ ಹಾಕಿಸಿಕೊಂಡು ನೋಡಿದಳು. ಬೆಳಗಾಗುತ್ತಲೇ ಊರಿಗೆ ಬಂದು, ಅವಧಿ ಇನ್ನೂ ಬಾಕಿ ಇರುವಾಗಲೇ, ಬಾಗಿಲ ಮುಳ್ಳನ್ನು ಬರಿಗೈಲಿ ಕಿತ್ತು ಹಿತ್ತಲಿಗೆ ಒಗೆದು ಒಳಗೆ ಹೋದಳು.

ತಡೆಯಲು ಹೋದ ಮೈದುನನಿಗೆ ಹೇಳಿದ ಮಾತು ಊರೆಲ್ಲ ಹರಡಿತು. "ಅವ್ರನ್ನ ಒಳಗ ಬಿಟ್ಟು ಮುಳ್ಳ ಹಚ್ಚಿ ಬಂದ್ವಿ. ಕತ್ತಲ್ದಾಗ ಒಬ್ಬರ ಕುಂತಾರ."

ಆಮೇಲೆ ಆ ಮನೆಯ ಮುಂದೆ ಹಾಲಿನವಳು ನಿಲ್ಲಲಿಲ್ಲ, ನೆರೆಯವರು ಆ ಕಡೆ ಹೋಗಲಿಲ್ಲ. ಮೈದುನ ಸಿಟ್ಟಿನಿಂದ ಮಾತು ಬಿಟ್ಟ. ಸಾವಿತ್ರೆವ್ವ ಎರಡು ತಾಟು ಹಾಕಿ ರೊಟ್ಟಿ ಬಡಿಸುತ್ತಾಳೆ, ಗೋಡೆಯ ಜೊತೆ ಮಾತಾಡುತ್ತಾಳೆ ಎಂದು ಸುದ್ದಿ ಬಂತು. ಮಾಳೇಶ ಅಂಗಡಿ ತೆರೆಯುವುದನ್ನೇ ಬಿಟ್ಟ. ಚಾನೆಲ್ಲಿನವರಿಗೆ ಆ ತುಣುಕು ತೆಗೆಯಿರೆಂದು ಫೋನು ಮಾಡಿದ, ಅವರು ತೆಗೆಯಲಿಲ್ಲ. ಒಂದು ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಗೋಡೆಯೊಳಗಿನ ವಾಯರಿನ ವಿಷಯ ಹೇಳಿ ಕಣ್ಣೀರು ಹಾಕಿದ. ಬೈಯಬೇಕೆಂದು ಬಾಯಿ ತೆರೆದೆ, ಆ ಮುಖ ನೋಡಿ ಬೈಯಲಾಗಲಿಲ್ಲ.

"ಜೋಡಿ ಬಾರೋ ಮುರಗೆಪ್ಪಣ್ಣ. ಒಬ್ಬಂವಗ ಹೋಗಾಕ ಆಗವಲ್ದು," ಎಂದ.

ಹೋದೆವು. ಸಾವಿತ್ರೆವ್ವ ನಡುಮನೆಯಲ್ಲಿ ಕೂತಿದ್ದಳು. ಗೋಡೆಯ ಮೊಳೆಗೆ ಕಾಮಣ್ಣನ ಟವೆಲ್ ತೂಗುಹಾಕಿದ್ದಳು. ನಮ್ಮನ್ನು ಕಂಡು ನಿಜವಾಗಿ ಸಂತೋಷಪಟ್ಟಳು. "ಬಾರೋ ಮಾಳ್ಯಾ. ನೀ ಕೇಳ್ದಿ ಅಂತ ಗೊತ್ತಾತು. ಇಲ್ಲಂದ್ರ ಅವ್ರ ಇಲ್ಲೇ ಅದಾರಂತ ನನಗ ಹೆಂಗ ತಿಳೀತಿತ್ತು?"

ಮಾಳೇಶ ನೆಲ ನೋಡುತ್ತ ನಿಂತ. "ಕಾಕಿ, ಅದು ಕಾಕಾ ಅಲ್ಲ."

"ಮತ್ತ ಯಾರು?"

"ಮೋಟರ್. ಈ ಗೋಡ್ಯಾಗ ವಾಯರ್ ಐತಿ. ನಾನ ಹಾಕೀನಿ."

ಸಾವಿತ್ರೆವ್ವ ಗೋಡೆಯ ಕಡೆ ನೋಡಿದಳು. "ಅವತ್ತ ನಿನಗ ಗೊತ್ತಿರ್ಲಿಲ್ಲೇನು?"

"ಗೊತ್ತಿತ್ತು."

ಆಕೆ ಕಪಾಳಕ್ಕೆ ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಹೊಡೆಯಲಿಲ್ಲ. "ತೋರ್ಸು," ಎಂದಳು ಅಷ್ಟೇ.

ಹೊಲದ ಲೈನಿಗೆ ಕರೆಂಟು ಇತ್ತು. ಮಾಳೇಶ ಚೀಲದಿಂದ ಡಬ್ಬಿ ತೆಗೆದು ಗೋಡೆಗೆ ಹಿಡಿದ. ಕೆಂಪು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಪಡಸಾಲೆಗೆ ಹೋಗಿ ಸ್ಟಾರ್ಟರಿನ ಗುಂಡಿ ಒತ್ತಿ ಮೋಟಾರು ನಿಲ್ಲಿಸಿದ. ದೀಪ ಕೆಂಪಿನಿಂದ ಹಸಿರಿಗೆ ಇಳಿದು ನಿಂತಿತು. ಗೋಡೆ ಬರೀ ಗೋಡೆಯಾಯಿತು. ಅದನ್ನೇ ನೋಡುತ್ತಿದ್ದ ಸಾವಿತ್ರೆವ್ವನ ಮುಖವನ್ನು ನಾನು ನೋಡಬಾರದಿತ್ತು. ಗಂಡನ ಹೆಣ ಜೀಪಿನಿಂದ ಇಳಿಸಿದ ದಿನವೂ ಆ ಮುಖ ಹಾಗಿರಲಿಲ್ಲ.

"ಇನ್ನೊಂದ ಸಲ ಹಚ್ಚು," ಎಂದಳು.

ಮಾಳೇಶ ಹಚ್ಚಿದ. ಸ್ಟಾರ್ಟರ್ ಕಟಕ್ ಎಂದಿತು, ದೀಪ ಕೆಂಪಾಯಿತು. ಸಾವಿತ್ರೆವ್ವ ಎದ್ದು ಮೊಳೆಯಿಂದ ಟವೆಲ್ ತೆಗೆದು ಮಡಚಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಒಂದು ಕೈಯನ್ನು ಗೋಡೆಯ ಮೇಲಿಟ್ಟಳು.

"ಹೋಗಿ ಬರ್ರಿ," ಎಂದಳು.

ಆಮೇಲೆ ಪಡಸಾಲೆಗೆ ಬಂದು ಮಾಳೇಶನನ್ನು ಪಕ್ಕಕ್ಕೆ ಸರಿಸಿ ತಾನೇ ಗುಂಡಿ ಒತ್ತಿ ಮೋಟಾರು ನಿಲ್ಲಿಸಿದಳು. ಹೊಸ್ತಿಲು ದಾಟುವಾಗ ಅವನ ಕಡೆ ತಿರುಗಿ ನೋಡದೆ ಹೇಳಿದಳು: "ಮುಳ್ಳ ಹಿತ್ತಲ್ದಾಗ ಬಿದ್ದಾವ. ಬಾಗಿಲಿಗೆ ನೀನ ಹಚ್ಚು."