ತುಕ್ಕು ಹೊತ್ತ ಗಾಳಿ

ಬೆಳೆ ಸಂಶೋಧನಾ ಕೇಂದ್ರದ ಮಹಡಿಯ ಮೇಲೆ ಜಿಗುಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಗೊಡ್ಡಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. ಗೋಧಿಗೆ ತುಕ್ಕುರೋಗ ತರುವ ಶಿಲೀಂಧ್ರದ ಕಣಗಳು ಗಾಳಿಯಲ್ಲೇ ಹಾರಿ ಬರುತ್ತವೆ. ಬಂದರೆ ಆ ಗಾಜಿಗೆ ಅಂಟಿಕೊಳ್ಳುತ್ತವೆ. ಎಲ್ಲರೂ ಅವಳನ್ನು ಗಾಳಿಯಕ್ಕ ಎಂದೇ ಕರೆಯುತ್ತಿದ್ದರು. "ನಮ್ಮವಳಿಗೆ ಗಾಳಿ ಕಾಯೋ ಕೆಲಸ" ಎಂದು ನಗುವವರಲ್ಲಿ ಅವಳ ಅಣ್ಣನೇ ಮೊದಲಿಗ.

ತೆನೆಯಲ್ಲಿ ಹಾಲು ತುಂಬುವ ಕಾಲ. ಆ ಬೆಳಗ್ಗೆ ಗಾಜಿನ ತುಂಬ ಕಿತ್ತಳೆ ಬಣ್ಣದ ಕಣಗಳು. ಇಷ್ಟೊಂದು ಬಂದಿದೆಯೆಂದರೆ ರೋಗ ತೀರ ಹತ್ತಿರದಲ್ಲೇ ಇದೆ. ಗಾಳಿ ಪಡುವಣದಿಂದ ಬೀಸುತ್ತಿತ್ತು. ಆ ದಿಕ್ಕಿಗೆ ಮೊದಲು ಸಿಗುವುದು ಅಣ್ಣನ ಹೊಲ.

ಸ್ಕೂಟರ್ ಏರಿ ಹೋದಾಗ ಅಣ್ಣ ಬದುವಿನಲ್ಲೇ ಅಡ್ಡ ನಿಂತ.

"ಒಳಗೆ ಬರಬೇಡ. ನೀರು ಬಿಟ್ಟಿದ್ದೀನಿ, ಕಾಲು ಹೂತುಹೋಗುತ್ತೆ."

ಅವನ ಚಪ್ಪಲಿಗೆ ಒಂದಿಷ್ಟೂ ಕೆಸರು ಮೆತ್ತಿರಲಿಲ್ಲ. ಪ್ಯಾಂಟು ಮಾತ್ರ ಮೊಣಕಾಲಿನವರೆಗೂ ಕಿತ್ತಳೆಯಾಗಿತ್ತು.

"ಯಾವಾಗಿಂದ ಅಣ್ಣಾ ಇದು?"

ಅವನು ನೆಲ ನೋಡಿದ. "ಸ್ವಲ್ಪ ದಿನ ಬಾಯಿ ಬಿಡಬೇಡ. ಇದು ಬಿತ್ತನೆಗೆ ಅಂತಲೇ ಬೆಳೆದಿದ್ದು. ರೋಗ ಅಂತ ಗೊತ್ತಾದ್ರೆ ಯಾರೂ ಮುಟ್ಟಲ್ಲ. ನಾನೇ ಗುಟ್ಟಾಗಿ ಔಷಧಿ ಹೊಡೀತೀನಿ."

"ನೀನು ಗುಟ್ಟು ಇಟ್ಕೋಬಹುದು. ಗಾಳಿ ಇಟ್ಕೊಳ್ಳುತ್ತಾ?"

"ನಾನು ನಿನ್ನ ಒಡಹುಟ್ಟಿದವನು ಕಣೇ!"

ಅವಳು ಮೂಡಣದತ್ತ ನೋಡಿದಳು. ಕಣ್ಣು ಹಾಯುವವರೆಗೂ ಇತರರ ಹಸಿರು ಗೋಧಿ ಗಾಳಿಗೆ ಬಾಗುತ್ತಿತ್ತು. ಅವನ ಎದುರಿಗೇ ಕೇಂದ್ರದ ಅಧಿಕಾರಿಗೆ ಫೋನ್ ಮಾಡಿದಳು: "ಸಾರ್, ರೋಗ ನಮ್ಮಣ್ಣನ ಹೊಲದಲ್ಲಿದೆ. ಆಚೆ ಹೊಲದವರಿಗೆಲ್ಲ ಈಗಲೇ ಹೇಳಿ."

ಮಧ್ಯಾಹ್ನದ ಹೊತ್ತಿಗೆ ಟ್ರಾಕ್ಟರುಗಳು ಔಷಧಿಯ ಡ್ರಮ್ಮುಗಳೊಡನೆ ಬಂದವು. ಆದರೆ ಅಷ್ಟು ಗಾಳಿಯಲ್ಲಿ ಸಿಂಪಡಿಸುವಂತಿರಲಿಲ್ಲ. ಎಲ್ಲರೂ ಬದುಗಳ ಮೇಲೆ ಉಸಿರು ಬಿಗಿಹಿಡಿದು ಕಾದರು. ಪಕ್ಕದ ಹೊಲದವನು ಅಣ್ಣನತ್ತ ತಿರುಗಿ, "ನಮ್ಮ ಹೊಟ್ಟೆ ಮೇಲೂ ಹೊಡೀಬೇಕು ಅಂತಿದ್ಯಾ?" ಎಂದ. ಬಿಸಿಲು ಇಳಿಯುವಾಗ ಗಾಳಿಯೂ ಇಳಿಯಿತು. ಯಂತ್ರಗಳು ಒಟ್ಟಿಗೇ ಗುಡುಗಿದವು.

ಮೂಡಣದ ಹೊಲಗಳು ಬಹುಪಾಲು ಉಳಿದವು. ಅಣ್ಣನ ಕಾಳು ಸುಕ್ಕಿಹೋಯಿತು, ಬಿತ್ತನೆಗೆ ಒದಗಲಿಲ್ಲ. ಅವನು ತಂಗಿಯ ಜೊತೆ ಮಾತು ಬಿಟ್ಟ. ಅತ್ತಿಗೆ ಮಾತ್ರ ಆಗಾಗ ಫೋನ್ ಮಾಡಿ, "ನಿಮ್ಮಣ್ಣ ಇನ್ನೂ ಬುಸುಗುಡ್ತಾನೇ ಇದ್ದಾರೆ" ಎನ್ನುತ್ತಿದ್ದಳು.

ಮರುವರ್ಷ ಅವನೇ ಫೋನ್ ಮಾಡಿದ. "ಎಲೆ ಯಾಕೋ ಹಳದಿ ಆಗ್ತಿದೆ. ಬಂದು ನೋಡು."

ಅವಳು ಹೋಗಿ ಎಲೆ ತಿಕ್ಕಿ ನೋಡಿದಳು. ಬೆರಳಿಗೆ ಏನೂ ಅಂಟಲಿಲ್ಲ. "ರೋಗ ಅಲ್ಲ ಅಣ್ಣಾ. ಗೊಬ್ಬರ ಸಾಲದು ಅಷ್ಟೆ."

ಅಣ್ಣ ತಾನೂ ಒಂದು ಎಲೆ ತಿಕ್ಕಿ ಬೆರಳು ನೋಡಿಕೊಂಡ. ಅವಳ ಮುಖ ನೋಡದೆಯೇ ಹೇಳಿದ:

"ಉಂಡ್ಕೊಂಡು ಹೋಗು. ನಿಮ್ಮತ್ತಿಗೆ ಆಗಲೇ ಅಡುಗೆ ಮಾಡಿಟ್ಟಿದಾಳೆ."