ಐದರ ಮೇಲೊಂದು

ಓದುವ ಮಹಾಜನರ ಸನ್ನಿಧಿಗೆ ಸೇಲಂ ಪಟ್ಟಣದ ನೇಕಾರರ ಮನೆಯ ಸೊಸೆಯೊಬ್ಬಳು ವಿನಯದಿಂದ ಮಾಡಿಕೊಳ್ಳುವ ಅರಿಕೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತು, ದೀರ್ಘಗಳು ಇರಬೇಕಾದಲ್ಲಿ ಇರುವುದಿಲ್ಲ. ನಮ್ಮ ಕಡೆ ಪಾಠಶಾಲೆಯಲ್ಲಿ ಕಲಿಸುವುದು ತಮಿಳು. ತಂದೆಯವರು ಊರವರಿಗೆ ಬರೆದುಕೊಡುತ್ತಿದ್ದ ಅರ್ಜಿಗಳನ್ನು ನೋಡಿ ಕನ್ನಡ ಬರೆಯಲು ಕಲಿತವಳಾದ್ದರಿಂದ ಬೇರೆ ಧಾಟಿಯನ್ನು ಅರಿಯೆ. ಮನ್ನಿಸಬೇಕು.

ವಿಷಯವು ದಾಳದ ಆಟಕ್ಕೆ ಸಂಬಂಧಪಟ್ಟದ್ದು. ಮೇಟೂರು ಅಣೆಕಟ್ಟು ಮುಗಿದ ಹೊಸದರಲ್ಲಿ ನಾನು ನಂಗವಳ್ಳಿಯಿಂದ ಈ ಮನೆಗೆ ಬಂದೆ. ಅಮಾವಾಸ್ಯೆಯಂದು ನಮ್ಮವರು ಮಗ್ಗ ಮುಟ್ಟುವುದಿಲ್ಲ. ಆ ದಿವಸ ಊಟವಾದ ಮೇಲೆ ಹೆಂಗಸರು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ತಾಯದಾಟಕ್ಕೆ ಕೂರುವುದು ವಾಡಿಕೆ. ಹಿತ್ತಾಳೆಯ ಉದ್ದನೆಯ ಎರಡು ದಾಳ. ಒಂದೊಂದರ ಮೂರು ಮುಖಗಳಲ್ಲಿ ಒಂದು, ಎರಡು, ಮೂರು ಚುಕ್ಕಿ, ನಾಲ್ಕನೆಯ ಮುಖ ಬರಿದು. ಎರಡನ್ನೂ ಅಂಗೈಯಲ್ಲಿ ಉಜ್ಜಿ ಉರುಳಿಸಿ, ಬಿದ್ದದ್ದನ್ನು ಬಾಯಲ್ಲಿ ಕೂಗಿ, ಅಷ್ಟು ಮನೆ ಕಾಯಿ ನಡೆಸಬೇಕು. ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ ಹಣ್ಣಾಯಿತೆಂದು ಲೆಕ್ಕ.

ಪತಿಯ ಹೆಸರನ್ನು ಪತ್ನಿಯು ಉಚ್ಚರಿಸತಕ್ಕದ್ದಲ್ಲ; ಉಚ್ಚರಿಸಿದರೆ ಅವರ ಆಯುಸ್ಸು ಕುಂದುವುದೆಂದು ಹಿರಿಯರ ನಂಬಿಕೆ. ನನ್ನ ಯಜಮಾನರ ಹೆಸರೋ ಆರು ಎಂಬ ಎಣಿಕೆಯಿಂದಲೇ ಮೊದಲಾಗುವುದು. ಅತ್ತೆಯವರು ಮೊಟಕಾಗಿ ಅಷ್ಟರಿಂದಲೇ ಮಗನನ್ನು ಕರೆಯುತ್ತಿದ್ದರು. ಆದಕಾರಣ ನಾನು ಸಂತೆಯಲ್ಲಿಯೂ ಆಟದಲ್ಲಿಯೂ "ಐದರ ಮೇಲೊಂದು" ಎಂದೇ ಹೇಳಿಕೊಂಡು ಬರುತ್ತಿದ್ದೆ. ಅದುವರೆಗೆ ಯಾರೂ ಆಕ್ಷೇಪಿಸಿರಲಿಲ್ಲ.

ಹೀಗಿರುವಲ್ಲಿ ನನ್ನ ತಂಗಿಯ ಮದುವೆ ಗೊತ್ತಾಗಿ ತವರಿನಿಂದ ಕರೆ ಬಂದಿತು. ನೂಲು ಸುತ್ತಲು ಕೈ ಕಡಿಮೆಯಾಗುವುದೆಂದು ಅತ್ತೆಯವರು ಒಪ್ಪಿರಲಿಲ್ಲ. ಅಮಾವಾಸ್ಯೆಯಂದು ನಾನು ಪುನಃ ಕೇಳಲಾಗಿ ಅವರು ದಾಳಗಳನ್ನು ನನ್ನತ್ತ ತಳ್ಳಿದರು.

"ನನ್ನ ಗೆದ್ಬುಟ್ಟು ಓಗು. ಸೋತ್ರೆ ಬಾಯಿ ಮುಚ್ಕೊಂಡು ನೂಲು ಸುತ್ತು."

"ಸಾಕ್ಷಿಗೆ ನಾನಿವ್ನಿ ಕಣೆ, ಬುಡ್ಬೇಡ," ಎಂದು ಪಕ್ಕದ ಮನೆಯ ದೊಡ್ಡಮ್ಮ ಎಲೆಗೆ ಸುಣ್ಣ ಸವರುತ್ತಾ ಹತ್ತಿರ ಸರಿದು ಕುಳಿತರು.

ಆಟ ಕೊನೆಗೆ ಬಂದಾಗ ಇಬ್ಬರಿಗೂ ಒಂದೊಂದೇ ಕಾಯಿ ಉಳಿದಿತ್ತು. ನನ್ನದು ಹಣ್ಣಾಗಲು ಬೇಕಾದದ್ದು ಸದರಿ ಎಣಿಕೆಯೇ. ಉರುಳಿಸಿದೆ. ಎರಡು ದಾಳದ ಮೇಲೂ ಮೂರು ಮೂರು ಚುಕ್ಕಿ.

"ಐದರ ಮೇಲೊಂದು!" ಎಂದೆ.

"ಐದಾ? ಸರಿ, ಐದು ಮನೆ ನಡ್ಸು," ಎಂದರು ಅತ್ತೆ.

"ಇಲ್ಲತ್ತೆ, ಮ್ಯಾಲಿನ್ನೊಂದು ಐತಲ್ಲ."

"ದಾಳದಾಗೆ ಅಂಥ ಎಣಿಕೆ ಎಲ್ಲೈತೆ? ಬಿದ್ದಿದ್ದನ್ನ ಬಾಯ್ಬುಟ್ಟು ಕೂಗು. ಇಲ್ದಿದ್ರೆ ಐದೇ."

"ಪಾಪ, ಬುಡೆ! ಅವಳೆಂಗೆ ಕೂಗ್ತಾಳೆ?" ಎಂದರು ದೊಡ್ಡಮ್ಮ.

"ನೀ ಸುಮ್ಕಿರಕ್ಕ."

ನನಗೆ ತಂಗಿಯ ಹೊರತು ಬೇರೇನೂ ತೋಚಲಿಲ್ಲ. ಕಣ್ಣು ಮುಚ್ಚಿಕೊಂಡು, ಬೀದಿಗೆ ಕೇಳಿಸುವಂತೆ, "ಆರು!" ಎಂದು ಕೂಗಿಬಿಟ್ಟೆ.

"ಓ! ಬಂದೆ, ಇರಮ್ಮ!" ಎಂದು ಒಳಗಿನಿಂದ ಉತ್ತರ ಬಂತು. ನಿದ್ದೆಯಲ್ಲಿದ್ದ ಯಜಮಾನರು ಪಂಚೆ ಬಿಗಿದುಕೊಳ್ಳುತ್ತಾ ಹೊಸ್ತಿಲಿಗೆ ಬಂದು ನಿಂತರು. "ಯಾಕಮ್ಮ ಕೂಗ್ದೆ?"

"ನಾನಲ್ಲಪ್ಪ ಕೂಗಿದ್ದು. ನಿನ್ನೆಂಡ್ತಿ!"

ದೊಡ್ಡಮ್ಮ ನಕ್ಕ ನಗುವಿಗೆ ಬಾಯೊಳಗಿನ ಎಲೆಯಡಿಕೆ ಸೀಮೆಸುಣ್ಣದ ಮನೆಗಳ ಮೇಲೆ ಬಿತ್ತು. ಅನಂತರ ತಟ್ಟನೆ ನಗು ನಿಲ್ಲಿಸಿ, "ಅಯ್ಯೋ, ಅಮಾಸೆ ದಿನ! ದೀಪಕ್ಕೆ ಅಂದಂಗೆ ಗಂಡಂಗೆ ಆರು ಅಂದ್ಬುಟ್ಲಲ್ಲೇ!" ಎಂದರು. ನಮ್ಮ ಮಾತಿನಲ್ಲಿ ದೀಪ ನಂದುವುದಕ್ಕೂ ಅದೇ ಪದವೆಂಬುದು ಆ ಕ್ಷಣದವರೆಗೆ ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಅತ್ತೆಯವರ ಮುಖ ಸಣ್ಣದಾಯಿತು. ಎದ್ದು ಹೋಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹೊಯ್ದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಗ್ಗದ ಹಾಸುನೂಲು, ಅಂದರೆ ಪಾವು, ಇಡುವ ಗೂಡಿನ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕುಳಿತೆ.

ಸಂಜೆ ಅತ್ತೆಯವರೇ ಬಂದು, "ಆಟ ಅಂದ್ರೆ ಆಟಾನೇ. ಗೆದ್ದೆ. ಓಗ್ಬುಟ್ಟು ಬಾ," ಎಂದರು. ನನ್ನ ಪ್ರಾರ್ಥನೆಯು ಮಂಜೂರಾಯಿತು. ಆದರೆ ಅವರನ್ನು ತಲೆಯೆತ್ತಿ ನೋಡುವ ಶಕ್ತಿ ನನಗಿರಲಿಲ್ಲ.

ಹೊರಡುವ ದಿನ ಯಜಮಾನರು ನನ್ನನ್ನು ಮೋಟಾರು ನಿಲ್ಲುವಲ್ಲಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದರು. ನಾನು ಹತ್ತಿ ಕುಳಿತ ಮೇಲೆ ಕಿಟಕಿಯ ಬಳಿ ಬಂದು, ಬೇರೆಲ್ಲೋ ನೋಡುತ್ತಾ, "ಅಲ್ಲೋಗಿ ತಾಯ ಆಡ್ಬೇಡ. ನೀ ಕೂಗಿದ್ರೆ ಸೇಲಂಗಂಟ ಕೇಳ್ತದೆ, ನಾ ಇಲ್ಲಿಂದ ಓ ಅಂದ್ಬುಡ್ತೀನಿ," ಎಂದರು. ಪಕ್ಕದಲ್ಲಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ನಂಗವಳ್ಳಿ ಬರುವವರೆಗೂ ನಾನು ಮಡಿಲಿನ ಗಂಟನ್ನೇ ನೋಡುತ್ತಿದ್ದೆ.

ಮದುವೆಯ ಮಾರನೆಯ ದಿನ ತಂಗಿಯು ದಾಳ ತಂದು ನನ್ನ ಮುಂದಿಟ್ಟಳು. ಆಟ ಮರೆತುಹೋಗಿದೆ ಎಂದು ತಿಳಿಸಿದೆ. "ಕಲ್ಸಿದ್ದೇ ನೀನಲ್ವಾ ಅಕ್ಕಾ?" ಎಂದು ಅವಳು ಬಾಡಿದ ಮುಖ ಮಾಡಿದಳು. ಕಾರಣವನ್ನು ಅವಳಿಗೆ ಹೇಳಲು ನನ್ನಿಂದಾಗಲಿಲ್ಲ. ಹೇಳಬೇಕಾದರೆ ಆ ಪದವನ್ನು ಇನ್ನೊಮ್ಮೆ ಆಡಬೇಕಿತ್ತು.

ಈ ಬರಹದಲ್ಲಿ ಅದನ್ನು ಬರೆಯದೆ ಗತಿಯಿಲ್ಲವಾಯಿತು. ಬರೆಯುವಾಗ ಅಕ್ಷರ ಕೆಟ್ಟಿದ್ದರೂ ಕೆಟ್ಟಿರಬಹುದು. ಅಲ್ಲಿಯಾಗಲಿ ಬೇರೆಡೆಯಾಗಲಿ ತಪ್ಪು ಕಂಡುಬಂದರೆ ತಾವುಗಳು ದೊಡ್ಡ ಮನಸ್ಸು ಮಾಡಿ ತಿದ್ದಿ ಓದಿಕೊಳ್ಳಬೇಕಾಗಿ ಬೇಡುತ್ತೇನೆ.