ಅವ್ವನ ಊರಿಗೆ ನಾಲ್ಕು ಉತ್ತರ

ಸುರಪುರದ ಕೋಚಿಂಗ್ ಕ್ಲಾಸಿನಲ್ಲಿ ನಮಗೆ ಮೊದಲು ಕಲಿಸಿದ್ದು ಒಂದೇ ಮಾತು: 'ನನಗೇನೂ ಗೊತ್ತಿಲ್ಲ.' ಇಂಗ್ಲಿಷಿನ ಪ್ಯಾಸೇಜು ಕೈಗೆ ಬಂದ ಕೂಡಲೇ ಎಲ್ಲರೂ ಕಣ್ಣು ಮುಚ್ಚಿ ಅದನ್ನು ಗಟ್ಟಿಯಾಗಿ ಹೇಳಬೇಕು, ಆಮೇಲೆ ಓದಬೇಕು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಕೇಳುವುದು ನಿಮಗೇನು ಗೊತ್ತು ಅಂತ ಅಲ್ಲ, ಬರೆದವನು ಏನು ಹೇಳಿದ್ದಾನೆ ಅಂತ, ಎನ್ನುತ್ತಿದ್ದರು ಸರ್. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದ ಮೇಲೆ ಅದಕ್ಕೆ ಆಧಾರವಾದ ಸಾಲಿನ ಕೆಳಗೆ ಗೆರೆ ಎಳೆದು ತೋರಿಸಬೇಕು. ಗೆರೆ ಇಲ್ಲದ ಉತ್ತರ ತಪ್ಪು ಉತ್ತರ.

ನಾನು ತಿಂಥಣಿಯವಳು. ಅಪ್ಪ ಕೃಷ್ಣೆಯಲ್ಲಿ ಮೀನು ಹಿಡಿಯುವವನು. ಒಂದು ದಿನ ಹರಗೋಲಿನ ಮೇಲೆ ಪ್ಯಾಸೇಜು ಬಂತು. ಬಿದಿರಿನ ಬುಟ್ಟಿಗೆ ಹೊರಗಡೆ ಏನು ಹೊದಿಸುತ್ತಾರೆ ಎಂಬ ಪ್ರಶ್ನೆ. ನಾನು ಹಿಗ್ಗಿಹೋದೆ. ಇದರಲ್ಲಿ ಓದುವುದೇನಿದೆ ಎಂದು ಪ್ಲಾಸ್ಟಿಕ್ ಹಾಳೆ, ಡಾಂಬರು ಎಂಬುದಕ್ಕೆ ಗುರುತು ಹಾಕಿದೆ. ಅಪ್ಪನ ಹರಗೋಲಿಗೆ ವರ್ಷವರ್ಷ ಡಾಂಬರು ಬಳಿಯುವವಳು ನಾನೇ. ಪ್ಯಾಸೇಜಿನಲ್ಲಿ ತೊಗಲು ಎಂದಿತ್ತು.

ಸರ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ನಿಮ್ಮಪ್ಪನ ಹರಗೋಲು ಇದರಾಗ ಎಲ್ಲಿ ಐತಿ, ಗೆರಿ ಎಳದು ತೋರಸವ್ವ" ಎಂದರು. ಕ್ಲಾಸೆಲ್ಲ ನಕ್ಕಿತು. ಮೈಮೇಲೆ ಮೀನಿನ ವಾಸನೆ ಹೊತ್ತು ಬಂದವರಿಗೆ ತಲೆಯೊಳಗೂ ಅದೇ ತುಂಬಿರುತ್ತದೆ ಎಂದೂ ಸೇರಿಸಿದರು. ಆ ಮನುಷ್ಯನ ನಾಲಿಗೆಗೆ ಬೆಂಕಿ ಹಾಕಬೇಕು ಎನಿಸಿತ್ತು, ಈಗಲೂ ಎನಿಸುತ್ತದೆ. ಆದರೆ ಕಲಿಸುವುದನ್ನು ಮಾತ್ರ ಚೆನ್ನಾಗಿಯೇ ಕಲಿಸಿದರು. ಅವತ್ತಿನಿಂದ ಕಾಗದದ ಮೇಲೆ ನದಿ ಎಂಬ ಶಬ್ದ ಕಂಡರೂ ನಾನು ನಮ್ಮ ನದಿಯನ್ನು ನೆನೆಸಿಕೊಳ್ಳಲಿಲ್ಲ.

ಕಾನೂನು ಕಾಲೇಜಿನ ಸೀಟು ನನಗೆ ಬೇಕೇ ಬೇಕಿತ್ತು. ವಕೀಲಳಾಗುವ ಹುಚ್ಚು ಹತ್ತಿಸಿದವಳು ಅವ್ವ. ಅವಳ ತವರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು. ನೀರು ಹೊಸ್ತಿಲಿಗೆ ಬಂದರೂ ಅವಳ ತಾಯಿ, ನನ್ನ ಆಯಿ, ಬೀಸುಕಲ್ಲು ಬಿಟ್ಟು ಏಳಲಿಲ್ಲವಂತೆ. ಜೀಪಿನಲ್ಲಿ ಬಂದವರು ರಟ್ಟೆ ಹಿಡಿದು ಎಳೆದು ಹೊರಗೆ ಹಾಕಿದರಂತೆ. ನಮ್ಮ ಪರವಾಗಿ ಮಾತಾಡುವವರು ಒಬ್ಬರೂ ಇರಲಿಲ್ಲ, ನೀನಾದರೂ ಕಾಯಿದೆ ಓದು ಎಂದು ರೊಟ್ಟಿ ಬಡಿಯುವಾಗಲೆಲ್ಲ ಹೇಳುತ್ತಿದ್ದಳು.

ಪರೀಕ್ಷೆ ಯಾದಗಿರಿಯಲ್ಲಿ. ಸುರಪುರ, ಶಹಾಪುರ ದಾಟಿ ಹೋಗುವ ಬಸ್ಸಿನಲ್ಲಿ ಅವ್ವ ಜೊತೆಗೆ ಬಂದಳು. ಗೇಟಿನ ಹೊರಗೆ ಬೇವಿನ ಮರದ ನೆರಳಲ್ಲಿ ಕುಳಿತಳು. ಒಳಗೆ, ಕೊನೆಯ ಪ್ಯಾಸೇಜು ಅಣೆಕಟ್ಟುಗಳ ಮೇಲಿತ್ತು. ಮುಳುಗಡೆಯ ಜನ ನದೀದಂಡೆ ಬಿಟ್ಟದ್ದಕ್ಕೆ ಲೇಖಕ ಕೊಡುವ ಕಾರಣ ಯಾವುದು ಎಂದು ಕೇಳಿದ್ದರು. ನಾಲ್ಕು ಉತ್ತರ.

ಹೊಲ ಮುಳುಗಿದವು ಎಂಬುದು ಮೊದಲನೆಯದು. ಆ ಮಾತು ಪ್ಯಾಸೇಜಿನಲ್ಲಿತ್ತು, ಆದರೆ ಎಷ್ಟು ನೀರು ನಿಲ್ಲುತ್ತದೆ ಎಂದು ಹೇಳುವಾಗ; ಜನ ಹೊರಟದ್ದಕ್ಕೆ ಕಾರಣವಾಗಿ ಅಲ್ಲ. ತೆಗೆದೆ. ಎರಡನೆಯದು ಪ್ರವಾಹದ ಹೆದರಿಕೆ. ಪ್ಯಾಸೇಜಿನಲ್ಲಿ ಅದು ಅಣೆಕಟ್ಟಿಗಿಂತ ಮುಂಚಿನ ಕಾಲದ ಸಂಗತಿ. ತೆಗೆದೆ. ಮೂರನೆಯದು, ಬಲವಂತವಾಗಿ ಎಬ್ಬಿಸಿದರು. ಪೆನ್ನು ಅಲ್ಲೇ ನಿಂತಿತು. ಮತ್ತೆ ಮೇಲಿನಿಂದ ಓದಿದೆ. ಒಂದು ಸಾಲು ಬೇಡ, ಅರ್ಧ ಸಾಲಾದರೂ ಸಿಕ್ಕೀತೇ ಎಂದು ಹುಡುಕಿದೆ. ಇರಲಿಲ್ಲ. ಶಾಲೆ, ಆಸ್ಪತ್ರೆ, ರಸ್ತೆ ಇರುವ ಹೊಸ ಊರುಗಳನ್ನು ಹೆಚ್ಚಿನ ಕುಟುಂಬಗಳು ಮನಸ್ಸಾರೆ ಆರಿಸಿಕೊಂಡವು ಎಂದು ಮಾತ್ರ ಬರೆದಿತ್ತು. ಅದೇ ನಾಲ್ಕನೆಯದು. ಗೆರೆ ಎಳೆಯುವುದಕ್ಕೆ ಇದ್ದದ್ದು ಅದೊಂದೇ ಸಾಲು. ಗುರುತು ಹಾಕಿದೆ. ಉತ್ತರ ಸರಿ. ಇವತ್ತು ಯಾರು ವಾದಕ್ಕೆ ಬಂದರೂ ನಾನೇ ಗೆಲ್ಲುತ್ತೇನೆ.

ಹೊರಗೆ ಬಂದಾಗ ಅವ್ವ ಬುತ್ತಿ ಬಿಚ್ಚಿದಳು. ಏನೇನು ಕೇಳಿದ್ದರು ಎಂದಳು. ಸುಮ್ಮನಿರಬಹುದಿತ್ತು, ಬಾಯಿ ಎಲ್ಲಿ ಕೇಳುತ್ತದೆ? ಮುಳುಗಡೆ ಊರುಗಳ ಮೇಲೂ ಇತ್ತು ಎಂದುಬಿಟ್ಟೆ. ಅವಳ ಮುಖ ಅರಳಿತು. ಮಗನಿಗಾಗಿ ಕಾಯುತ್ತ ಪಕ್ಕದಲ್ಲಿ ಕುಳಿತಿದ್ದ ಹೆಂಗಸಿಗೆ, ನಮ್ಮಂಥ ಊರಿನ ಸುದ್ದಿ ಇಷ್ಟು ದೊಡ್ಡ ಪರೀಕ್ಷೆಗೆ ಬಂದಿದೆಯಂತೆ ಎಂದು ಹೇಳಿಕೊಂಡಳು. ಆಮೇಲೆ ನನ್ನತ್ತ ತಿರುಗಿದಳು.

"ಮತ್ತ ನಿಮ್ಮ ಆಯಿನ ಎಳದು ಹಾಕಿದ್ದು ಬರದಿ ಇಲ್ಲ?"

ಇದು ಬರೆಯುವ ಪರೀಕ್ಷೆಯಲ್ಲ, ಅವರು ಕೊಟ್ಟದ್ದರಲ್ಲೇ ಒಂದನ್ನು ಆರಿಸಬೇಕು ಎಂದೆ. ನೀನೇನು ಆರಿಸಿದಿ ಎಂದಳು. ಹೇಳಿದೆ.

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಅದಕ್ಕೆ ಮಾರ್ಕ್ಸ್ ಕೊಡುತ್ತಾರೇನು ಎಂದು ಕೇಳಿದಳು. ಕೊಡುತ್ತಾರೆ ಎಂದೆ. ಬೇರೆಯದಕ್ಕೆ ಹಾಕಿದ್ದರೆ? ಬಂದ ಮಾರ್ಕ್ಸಿನಲ್ಲೂ ಕಳೆಯುತ್ತಾರೆ ಎಂದೆ.

ಅಷ್ಟರಲ್ಲಿ ಪಕ್ಕದ ಹೆಂಗಸು, ನೀರು ಬಂದಾಗ ನಿಮ್ಮನ್ನೆಲ್ಲ ಹೇಗೆ ಎಬ್ಬಿಸಿದರು ಎಂದು ಕೇಳಿದಳು. ಅವ್ವ ಪರೀಕ್ಷಾ ಕೇಂದ್ರದ ಗೇಟಿನ ಕಡೆ ನೋಡಿದಳು. ಅಲ್ಲಿ ಪರೀಕ್ಷೆಯವರು ಇನ್ನೂ ನಿಂತಿದ್ದರು. ತಾನು ಬೇರೆ ಉತ್ತರ ಹೇಳಿದರೆ ಎಲ್ಲಿ ನನ್ನ ಸೀಟು ಹೋದೀತೋ ಎಂಬ ಹೆದರಿಕೆ ಅವಳಿಗೆ.

"ಯಾರೂ ಎಬ್ಬಸಲಿಲ್ಲರಿ ಯಕ್ಕ" ಎಂದಳು. "ಸಾಲಿ, ದವಾಖಾನಿ ಇರೋ ಊರು ಬೇಕಾಗಿತ್ತು. ನಾವ ಖುಷಿಲೆ ಬಂದ್ವಿ."